ಕತ್ತು ಬಿಗಿ ಮಾಡಿಸಿಕೊಳ್ಳುವ ಮುನ್ನ

ನೆಕ್ ಲಿಫ್ಟ್ ಎಂದರೆ ಜೋತುಬಿದ್ದ ಚರ್ಮವನ್ನು ಹಿಂದಕ್ಕೆ ಎಳೆದು ಹೊಲಿಯುವುದು, ಅಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ನಾನು ಆಪರೇಷನ್ ಥಿಯೇಟರಿನಲ್ಲಿ ಪ್ಲಾಸ್ಟಿಕ್ ಸರ್ಜನ್‌ಗಳ ಪಕ್ಕ ನಿಂತು ಕತ್ತರಿ, ಸೂಜಿ, ದಾರ ಕೊಟ್ಟುಕೊಂಡು ಬಂದ ಸ್ಟಾಫ್ ನರ್ಸ್. ಮೊದಲು ಸರ್ಕಾರಿ ಆಸ್ಪತ್ರೆಯ ಸುಟ್ಟಗಾಯದ ವಿಭಾಗದಲ್ಲಿದ್ದೆ, ಆಮೇಲೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಬಂದೆ. ಈಗ ನಿವೃತ್ತಿಯಾಗಿದೆ. ಆದರೂ ಪರಿಚಯದವರು ಫೋನ್ ಮಾಡಿ, "ಸಿಸ್ಟರ್, ಈ ಕತ್ತಿಂದು ಮಾಡಿಸ್ಕೋಬಹುದಾ?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕತ್ತಿನ ಚರ್ಮದ ಅಡಿಯಲ್ಲಿ ಒಂದಿಷ್ಟು ಕೊಬ್ಬು, ಅದರಡಿಯಲ್ಲಿ ಪ್ಲಟಿಸ್ಮಾ ಎಂಬ ತೆಳ್ಳನೆಯ ಸ್ನಾಯು ಇರುತ್ತದೆ. ಎದೆಯ ಮೇಲ್ಭಾಗದಿಂದ ಹೊರಟು ದವಡೆಯವರೆಗೆ ಎರಡೂ ಕಡೆ ಹರಡಿಕೊಂಡಿರುವ ಸ್ನಾಯು ಅದು. ಕನ್ನಡಿ ಮುಂದೆ ಹಲ್ಲು ಕಚ್ಚಿ ಕೆಳತುಟಿಯನ್ನು ಜೋರಾಗಿ ಕೆಳಕ್ಕೆಳೆದು ನೋಡಿ, ಕತ್ತಿನಲ್ಲಿ ಅದರ ಎಳೆಗಳು ಎದ್ದು ನಿಲ್ಲುತ್ತವೆ. ವಯಸ್ಸಾದಂತೆ ಅದರ ಒಳ ಅಂಚುಗಳು ಸಡಿಲಗೊಂಡು ಗದ್ದದ ಕೆಳಗೆ ಉದ್ದನೆಯ ಎರಡು ಪಟ್ಟಿಗಳಾಗಿ ಕಾಣತೊಡಗುತ್ತವೆ. ಮೇಲಿನ ಚರ್ಮವೂ ಬಿಗಿ ಕಳೆದುಕೊಂಡಿರುತ್ತದೆ. ಬೇಗ ಬೇಗ ತುಂಬಾ ತೂಕ ಇಳಿಸಿಕೊಂಡವರಲ್ಲಿ ನಲವತ್ತಕ್ಕೇ ಹೀಗಾಗುವುದುಂಟು.

ಇಪ್ಪತ್ತನೇ ಶತಮಾನದ ಆರಂಭದ ಸರ್ಜನ್‌ಗಳು ಚರ್ಮವನ್ನಷ್ಟೇ ಕತ್ತರಿಸಿ ಹೊಲಿಯುತ್ತಿದ್ದರು. ಪ್ಯಾರಿಸ್ಸಿನ ಸುಝಾನ್ ನೊಯೆಲ್ ಎಂಬ ವೈದ್ಯೆ ಹಾಗೆ ಅನೇಕ ಹೆಂಗಸರ ಮುಖ ತಿದ್ದಿದರು. ಈ ಶಸ್ತ್ರಚಿಕಿತ್ಸೆಗೆ ಸಾಮಾಜಿಕ ಪಾತ್ರವಿದೆ ಎಂದು 1926ರಲ್ಲಿ ಪುಸ್ತಕವನ್ನೇ ಬರೆದರು. ಆದರೆ ಚರ್ಮಕ್ಕೆ ಹಿಗ್ಗುವ ಗುಣವಿದೆ, ಎಳೆದು ಹೊಲಿದರೂ ಮತ್ತೆ ಸಡಿಲವಾಗುತ್ತದೆ. ಸ್ವೀಡನ್ನಿನ ಟೋರ್ಡ್ ಸ್ಕೂಗ್ 1974ರಲ್ಲಿ ಚರ್ಮವನ್ನೂ ಕೆಳಗಿನ ಪದರವನ್ನೂ ಒಟ್ಟಾಗಿ ಮೇಲೆತ್ತುವ ವಿಧಾನ ಪ್ರಕಟಿಸಿದ ಮೇಲೆ ಸರ್ಜನ್‌ಗಳ ಗಮನ ಒಳಗಿನ ಪದರಕ್ಕೆ ಹೋಯಿತು. 1990ರಲ್ಲಿ ಅಮೆರಿಕದ ಜೋಯೆಲ್ ಫೆಲ್ಡ್‌ಮನ್ ಪ್ಲಟಿಸ್ಮಾದ ಎರಡು ಅಂಚುಗಳನ್ನು ನಡುವೆ ತಂದು ಉದ್ದಕ್ಕೆ ಹೊಲಿಯುವ ವಿಧಾನವನ್ನು ವಿವರಿಸಿದರು. ಇವತ್ತಿನ ನೆಕ್ ಲಿಫ್ಟ್‌ನಲ್ಲಿ ಮುಖ್ಯ ಕೆಲಸ ನಡೆಯುವುದು ಈ ಸ್ನಾಯುವಿನ ಮೇಲೆ.

ಸರ್ಜನ್ ರೋಗಿಯನ್ನು ಕೂರಿಸಿಯೇ ಪೆನ್ನಿನಲ್ಲಿ ಗುರುತು ಹಾಕುತ್ತಾರೆ, ಮಲಗಿದರೆ ಕತ್ತಿನ ಆಕಾರವೇ ಬದಲಾಗುತ್ತದಲ್ಲ. ಆಮೇಲೆ ಪೂರ್ತಿ ಅರಿವಳಿಕೆ, ಇಲ್ಲವೇ ಮಂಪರು ಬರಿಸಿ ಸ್ಥಳೀಯ ಅರಿವಳಿಕೆ. ರಕ್ತ ಕಡಿಮೆ ಹರಿಯಲೆಂದು ಅಡ್ರಿನಲಿನ್ ಬೆರೆಸಿದ ಔಷಧ ಚುಚ್ಚುತ್ತಾರೆ. ಗದ್ದದ ಅಡಿಯಲ್ಲಿ ಒಂದು ಚಿಕ್ಕ ಗಾಯ ಮಾಡಿ ಹೆಚ್ಚಿರುವ ಕೊಬ್ಬನ್ನು ತೆಗೆಯುತ್ತಾರೆ. ನುರಿತ ಸರ್ಜನ್ ಯಾರು ಎಂದು ನಾನು ಗುರುತಿಸುತ್ತಿದ್ದದ್ದು ಈ ಘಟ್ಟದಲ್ಲಿ. ಕೊಬ್ಬು ತೆಗೆಯುವುದು ಸುಲಭ, ಎಷ್ಟು ಬಿಡಬೇಕು ಎಂದು ತಿಳಿದಿರುವುದು ಕಷ್ಟ. ಅತಿಯಾಗಿ ತೆಗೆದರೆ ಗದ್ದದ ಕೆಳಗೆ ಗುಳಿ ಬೀಳುತ್ತದೆ, ಅದನ್ನು ಸರಿಪಡಿಸುವುದು ಮೊದಲ ಆಪರೇಷನ್ನಿಗಿಂತ ಕಠಿಣ. ಅದಾದ ಮೇಲೆ ಸ್ನಾಯುವಿನ ಅಂಚುಗಳನ್ನು ಜೋಡಿಸಿ ಹೊಲಿಯುತ್ತಾರೆ. ಕಿವಿಯ ಹಾಲೆಯ ಸುತ್ತಿನಿಂದ ಹಿಂಬದಿಯ ಕೂದಲಿನವರೆಗೆ ಇನ್ನೊಂದು ಗಾಯ. ಅಲ್ಲಿಂದ ಚರ್ಮ ಬಿಡಿಸಿ, ಸ್ನಾಯುವನ್ನು ಹಿಂದಕ್ಕೆಳೆದು ಕಿವಿಯ ಹಿಂದೆ ಭದ್ರಪಡಿಸಿ, ಉಳಿಕೆ ಚರ್ಮ ಕತ್ತರಿಸುತ್ತಾರೆ. ಎರಡು ಮೂರು ಗಂಟೆಯ ಕೆಲಸ. ಮುಖವನ್ನೂ ಜೊತೆಗೆ ಮಾಡಿದರೆ ಇನ್ನೂ ಹೆಚ್ಚು.

ಚೆನ್ನಾಗಿರುವ ಕತ್ತು ಎಂದರೇನು ಎಂಬುದಕ್ಕೂ ಸರ್ಜನ್‌ಗಳಲ್ಲಿ ಅಳತೆಯಿದೆ. ಎಲೆನ್‌ಬೊಗೆನ್ ಮತ್ತು ಕಾರ್ಲಿನ್ ಎಂಬಿಬ್ಬರು 1980ರಲ್ಲಿ ಬರೆದಿಟ್ಟ ಪ್ರಕಾರ, ಗದ್ದಕ್ಕೂ ಕತ್ತಿಗೂ ನಡುವಿನ ಕೋನ 105ರಿಂದ 120 ಡಿಗ್ರಿ ಇರಬೇಕು, ದವಡೆಯ ಅಂಚು ಸ್ಪಷ್ಟವಾಗಿ ಕಾಣಬೇಕು. ಇದು ಸರ್ಜನ್‌ಗಳ ಕೈಪಿಡಿಗೆ ಸರಿ. ಮನೆಯಲ್ಲಿ ಫೋಟೊ ಹಿಡಿದು ಅಳೆದುಕೊಂಡು ಕೊರಗುವ ವಿಷಯವಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಆಪರೇಷನ್ ಆದ ರಾತ್ರಿ. ಈ ಆಪರೇಷನ್ನಿನಲ್ಲಿ ಹೆಚ್ಚಾಗಿ ಹೆದರಬೇಕಾದದ್ದು ಚರ್ಮದಡಿ ರಕ್ತ ಕಟ್ಟಿಕೊಳ್ಳುವುದಕ್ಕೆ. ಸಾಮಾನ್ಯವಾಗಿ ಅದು ಆಗುವುದು ಮೊದಲ ಇಪ್ಪತ್ನಾಲ್ಕು ಗಂಟೆಯೊಳಗೆ. ಬಿ.ಪಿ. ಇರುವವರಲ್ಲಿ, ಗಂಡಸರಲ್ಲಿ ಇದರ ಸಾಧ್ಯತೆ ಹೆಚ್ಚು. ಒಮ್ಮೆ ರಾತ್ರಿ ಪಾಳಿಯಲ್ಲಿ ವ್ಯಾಪಾರಸ್ಥರೊಬ್ಬರು, "ಎಡಗಡೆ ಯಾಕೋ ಬಿಗೀತಾ ಇದೆ ಸಿಸ್ಟರ್, ಉಗುಳು ನುಂಗೋಕಾಗ್ತಿಲ್ಲ" ಅಂದರು. ಬ್ಯಾಂಡೇಜ್ ಸರಿಸಿ ನೋಡಿದರೆ ಒಂದು ಬದಿ ಊದಿ ಗಟ್ಟಿಯಾಗಿತ್ತು. ಬಿ.ಪಿ. ಏರಿತ್ತು. ಡ್ಯೂಟಿ ಡಾಕ್ಟರು ಅದೇ ಮಹಡಿಯಲ್ಲಿದ್ದರು, ಸರ್ಜನ್ ಬರುವಷ್ಟರಲ್ಲಿ ಥಿಯೇಟರ್ ಸಜ್ಜಾಗಿತ್ತು. ಕಟ್ಟಿದ್ದ ರಕ್ತ ತೆಗೆದು, ಸೋರುತ್ತಿದ್ದ ನಾಳ ಮುಚ್ಚಿದರು, ಅವರು ಚೇತರಿಸಿಕೊಂಡು ಮನೆಗೆ ಹೋದರು. ಉಸಿರಿನ ದಾರಿ ಅಲ್ಲೇ ಇದೆ ಎಂಬುದನ್ನು ಮರೆಯಬಾರದು. ಅವರನ್ನು ಸಂಜೆಯೇ ಮನೆಗೆ ಕಳಿಸಿದ್ದರೆ, ಆ ಬಿಗಿತ ಎಂಥದ್ದು ಎಂದು ಮನೆಯವರಿಗೆ ಹೇಗೆ ಗೊತ್ತಾಗಬೇಕಿತ್ತು?

ಉಳಿದ ತೊಂದರೆಗಳು ಅಷ್ಟು ಭಯ ಹುಟ್ಟಿಸುವಂಥವಲ್ಲ, ಆದರೆ ಮೊದಲೇ ತಿಳಿದಿರಬೇಕು. ಕಿವಿಯ ಹಾಲೆಗೆ ಸ್ಪರ್ಶ ಕೊಡುವ ನರ ಇದೇ ದಾರಿಯಲ್ಲಿ ಬರುವುದರಿಂದ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಕಿವಿ ಜೋಮು ಹಿಡಿದಂತಿರುತ್ತದೆ. ಓಲೆ ತಿರುಪು ಚುಚ್ಚಿದರೂ ಗೊತ್ತಾಗುವುದಿಲ್ಲ, ಹೇರ್ ಡ್ರೈಯರ್ ಸುಟ್ಟರೂ ಗೊತ್ತಾಗುವುದಿಲ್ಲ. ಕೆಳತುಟಿಯ ನರಕ್ಕೆ ಪೆಟ್ಟಾದರೆ ನಗುವಾಗ ತುಟಿ ಸೊಟ್ಟಗಾಗುತ್ತದೆ, ಬಹುಪಾಲು ತಾನಾಗಿ ಸರಿಹೋಗುತ್ತದೆ. ನಮ್ಮ ಮೈಬಣ್ಣದವರಲ್ಲಿ ಕಲೆ ದಪ್ಪಗಾಗಿ ಕೀಲಾಯ್ಡ್ ಬೆಳೆಯುವುದು ಹೆಚ್ಚು. ಅದಕ್ಕೇ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, "ಕಿವಿ ಚುಚ್ಚಿಸಿದಾಗ ಗಂಟೇನಾದ್ರೂ ಬೆಳೆದಿತ್ತಾ?" ಬೀಡಿ, ಸಿಗರೇಟು, ಹೊಗೆಸೊಪ್ಪು ಯಾವುದಿದ್ದರೂ ಮುಚ್ಚಿಡಬೇಡಿ. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ, ಕಿವಿಯ ಹಿಂದಿನ ಚರ್ಮ ಕಪ್ಪಾಗಿ ಸತ್ತುಹೋಗಬಹುದು. ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಹೃದಯದ ಡಾಕ್ಟರನ್ನು ಕೇಳಿಯೇ ನಿಲ್ಲಿಸಬೇಕು.

ಈ ಆಪರೇಷನ್ನಿನಿಂದ ಆಗದ ಕೆಲಸಗಳೂ ಇವೆ. ಕತ್ತಿನ ಹಿಂದೆ ಕಪ್ಪಾಗಿ ದಪ್ಪಗಾದ ಚರ್ಮ ಇದರಿಂದ ಹೋಗುವುದಿಲ್ಲ. ಅದು ಹಲವು ಸಲ ಸಕ್ಕರೆ ಕಾಯಿಲೆಯ ಮುನ್ಸೂಚನೆ, ಅದಕ್ಕೆ ಬೇಕಾದದ್ದು ರಕ್ತಪರೀಕ್ಷೆ. ಕತ್ತಿನ ಮುಂದಿನ ಊತ ಥೈರಾಯ್ಡ್ ಗಂಟೂ ಆಗಿರಬಹುದು, ಅದನ್ನು ಮೊದಲು ತೋರಿಸಿ. ಗದ್ದದ ಕೆಳಗೆ ಬರೀ ಕೊಬ್ಬಿದ್ದು ಚರ್ಮ ಬಿಗಿಯಾಗಿರುವ ಚಿಕ್ಕ ವಯಸ್ಸಿನವರಿಗೆ ಲೈಪೊಸಕ್ಷನ್, ಅಂದರೆ ಕೊಬ್ಬನ್ನು ಹೀರಿ ತೆಗೆಯುವುದು, ಸಾಕಾಗಬಹುದು. ಕೊಬ್ಬು ಕರಗಿಸುವ ಡಿಆಕ್ಸಿಕೋಲಿಕ್ ಆಮ್ಲದ ಇಂಜೆಕ್ಷನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಒಪ್ಪಿಗೆ ಕೊಟ್ಟಿದೆ. ಸಡಿಲವಾದ ಚರ್ಮಕ್ಕೆ ಮಾತ್ರ ಅದರಿಂದ ಉಪಯೋಗವಿಲ್ಲ.

ಇಂಥದ್ದು ಮಾಡಿಸಿಕೊಳ್ಳುವವರ ಬಗ್ಗೆ ಹಗುರವಾಗಿ ಮಾತನಾಡುವುದು ನನಗೆ ಹಿಡಿಸುವುದಿಲ್ಲ. ಸುಟ್ಟಗಾಯದ ವಾರ್ಡಿನಲ್ಲಿ ಗದ್ದ ಎದೆಗೆ ಅಂಟಿಕೊಂಡ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ತಲೆ ಎತ್ತಲಾಗದ, ಬಾಯಿ ಪೂರ್ತಿ ಮುಚ್ಚಲಾಗದ ಅವರ ನೋವಿಗೂ ಇದಕ್ಕೂ ಹೋಲಿಕೆಯಿಲ್ಲ. ಆದರೂ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಮೈಸೂರಿನ ಹೆಂಗಸೊಬ್ಬರು, "ಎಲ್ರೂ ಹಸುವಿನ ಗಂಗೆದೊಗಲು ಅಂತ ಆಡ್ಕೊಳ್ತಾರೆ ಸಿಸ್ಟರ್, ವಿಡಿಯೊ ಕಾಲಲ್ಲಿ ಕೂರೋಕೇ ಮನಸ್ಸಾಗಲ್ಲ" ಎಂದು ಕಣ್ಣು ಒರೆಸಿಕೊಂಡದ್ದೂ ಸುಳ್ಳಲ್ಲ. ಅವರ ದುಡ್ಡು, ಅವರ ಕತ್ತು. ಅವರು ಕ್ಷೇಮವಾಗಿ ಮನೆಗೆ ಹೋಗಬೇಕು ಎಂಬುದಷ್ಟೇ ನನ್ನ ಹಟ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಅಂದಕ್ಕಾಗಿ ಮಾಡಿಸುವ ಆಪರೇಷನ್ನಿಗೆ ಆರೋಗ್ಯ ವಿಮೆ ಬರುವುದಿಲ್ಲ, ಬಿಲ್ಲಿನ ಮೇಲೆ ಜಿಎಸ್‌ಟಿ ಬೀಳುತ್ತದೆ. ಮೊದಲ ಎರಡು ವಾರ ಊತ, ನೀಲಿಗಟ್ಟುವುದು ಇದ್ದದ್ದೇ. ಮದುವೆಗೆ ಹತ್ತೇ ದಿನವಿದೆ ಎಂದು ಬಂದವರನ್ನು ಒಳ್ಳೆಯ ಸರ್ಜನ್ ವಾಪಸ್ ಕಳಿಸುತ್ತಾರೆ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಯುವ ಕಿರುತೆರೆ ನಟಿಯೊಬ್ಬರು ತೀರಿಕೊಂಡರು. ಅದು ಬೇರೆ ಆಪರೇಷನ್. ಆದರೆ ಅಂದಕ್ಕಾಗಿ ಮಾಡಿಸಿದರೂ ಅರಿವಳಿಕೆ ಅರಿವಳಿಕೆಯೇ, ಗಾಯ ಗಾಯವೇ ಎಂದು ಆ ಸಾವು ಎಲ್ಲರಿಗೂ ತೋರಿಸಿತು. ಆದ್ದರಿಂದ ನಿಮ್ಮ ಸರ್ಜನ್‌ಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿ.ಎಚ್. ಅಥವಾ ಡಿಎನ್‌ಬಿ ಪದವಿ ಇದೆಯೇ ಎಂದು ಕೇಳಿ. ಆಸ್ಪತ್ರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಾಯಿತವೇ ಎಂದು ಕೇಳಿ, ನೋಂದಣಿ ಪತ್ರ ತೋರಿಸಲು ಹೇಳಿ. ಅರಿವಳಿಕೆ ಡಾಕ್ಟರು ಕೊನೆಯವರೆಗೂ ಪಕ್ಕದಲ್ಲೇ ಇರುತ್ತಾರೆಯೇ, ಆ ರಾತ್ರಿ ನನ್ನನ್ನು ನೋಡಿಕೊಳ್ಳುವವರು ಯಾರು, ರಕ್ತ ಕಟ್ಟಿದರೆ ಎಷ್ಟು ಹೊತ್ತಿನಲ್ಲಿ ಥಿಯೇಟರ್ ಸಿಗುತ್ತದೆ ಎಂದೂ ಕೇಳಿ. ಕೇಳಲು ಸಂಕೋಚಪಡಬೇಡಿ. ನೇರ ಉತ್ತರ ಸಿಗದ ಕಡೆ ಮುಂಗಡ ಹಣ ಕಟ್ಟಬೇಡಿ.