ಕಾಣದ ದಶಕದ ಹಾಡುಗಳು

ತಾವು ಹುಟ್ಟುವ ಮೊದಲೇ ಮುಗಿದುಹೋದ ಕಾಲಕ್ಕಾಗಿ ಹಂಬಲಿಸುವುದು ಮೇಲ್ನೋಟಕ್ಕೆ ತರ್ಕಕ್ಕೆ ನಿಲುಕದ ಸಂಗತಿ. ಆದರೂ 2022ರ ಜೂನ್ ತಿಂಗಳಲ್ಲಿ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದು ಕೇಟ್ ಬುಷ್ 1985ರಲ್ಲಿ ಹಾಡಿದ್ದ 'ರನಿಂಗ್ ಅಪ್ ದಟ್ ಹಿಲ್' ಎಂಬ ಹಾಡು. 1980ರ ದಶಕದ ಅಮೆರಿಕದ ಸಣ್ಣ ಊರೊಂದರ ಕಥೆ ಹೇಳುವ 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯಲ್ಲಿ ಅದು ಬಳಕೆಯಾದದ್ದೇ ನೆಪವಾಗಿ, ಬಿಡುಗಡೆಯಾದ ಕಾಲದಲ್ಲಿ ಮೂರನೆಯ ಸ್ಥಾನಕ್ಕೆ ನಿಂತಿದ್ದ ಹಾಡನ್ನು ಹೊಸ ಪೀಳಿಗೆಯ ಕೇಳುಗರು 37 ವರ್ಷಗಳ ಬಳಿಕ ತುದಿಗೇರಿಸಿದರು.

ಈ ಒಲವಿಗೆ ಮನೋವಿಜ್ಞಾನ ಒಂದು ವಿವರಣೆಯನ್ನು ಕೊಡುತ್ತದೆ. ವಯಸ್ಸಾದವರ ನೆನಪುಗಳನ್ನು ಕೆದಕಿದರೆ ಹದಿಹರೆಯದಿಂದ ಇಪ್ಪತ್ತೈದರ ಆಸುಪಾಸಿನವರೆಗಿನ ಸಂಗತಿಗಳೇ ಉಳಿದವಕ್ಕಿಂತ ದಟ್ಟವಾಗಿ ಮೇಲೆ ಬರುತ್ತವೆ. ಇದನ್ನು 'ನೆನಪಿನ ಉಬ್ಬು' ಎನ್ನಬಹುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕರೋಲ್ ಕ್ರುಮ್ಹಾನ್ಸಲ್ ತಮ್ಮ ಸಹಲೇಖಕರೊಡನೆ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಪ್ಪತ್ತರ ಆಸುಪಾಸಿನ ಯುವಜನರಿಗೆ 1955ರಿಂದ 2009ರವರೆಗಿನ ಪ್ರತಿವರ್ಷದ ಅಗ್ರಗೀತೆಗಳ ತುಣುಕುಗಳನ್ನು ಕೇಳಿಸಲಾಯಿತು. ತಮ್ಮದೇ ಕಾಲದ ಹಾಡುಗಳ ಜೊತೆಗೆ 1980ರ ದಶಕದ ಆರಂಭದ ಹಾಡುಗಳ ಸುತ್ತಲೂ ಅಂಥದೇ ಉಬ್ಬು ಅವರಲ್ಲಿ ಕಾಣಿಸಿಕೊಂಡಿತು. ಅದು ಅವರ ತಂದೆತಾಯಂದಿರ ಹರೆಯದ ಕಾಲ. ಮನೆಯಲ್ಲಿ ಹಿರಿಯರು ಹಾಕುತ್ತಿದ್ದ ಹಾಡು ಮಕ್ಕಳ ಕಿವಿಗೆ ಬಿದ್ದು ಅವರ ಸ್ವಂತ ನೆನಪಾಗಿ ಬೆಳೆಯುತ್ತದೆಂಬುದು ಸಂಶೋಧಕರ ಊಹೆ. ಆದರೆ ಇಂದು ಇಪ್ಪತ್ತರಲ್ಲಿರುವ ಹಲವರ ತಂದೆತಾಯಂದಿರು ಹರೆಯಕ್ಕೆ ಬಂದದ್ದು 1990ರ ದಶಕದಲ್ಲಿ. ಆದ್ದರಿಂದ ಮನೆಯ ಬಳುವಳಿಯೊಂದನ್ನೇ ಕಾರಣವೆನ್ನಲಾಗದು. ಆ ದಶಕದ ಹಾಡುಗಳೊಳಗೇ ಇರುವ ಗುಣವನ್ನೂ ನೋಡಬೇಕು.

ಅದರಲ್ಲಿ ಮೊದಲನೆಯದು ನಾದ. ತಂತಿ ಅಥವಾ ಕೊಳವೆಯ ನೆರವಿಲ್ಲದೆ ವಿದ್ಯುತ್ ಸಂಕೇತಗಳಿಂದಲೇ ಸ್ವರ ಹುಟ್ಟಿಸುವ ಸಿಂಥಸೈಜರ್ ವಾದ್ಯಗಳು ಆಗ ಅಗ್ಗವಾಗುತ್ತ ಬಂದವು; 1983ರಲ್ಲಿ ಯಮಹಾ ಕಂಪನಿ ಮಾರುಕಟ್ಟೆಗೆ ತಂದ ಡಿಎಕ್ಸ್7ರಲ್ಲಿ ಮೊದಲೇ ಸಿದ್ಧಪಡಿಸಿಟ್ಟಿದ್ದ ಸ್ವರಗಳನ್ನೇ ಅಸಂಖ್ಯ ಸಂಗೀತಗಾರರು ಹಾಗೆಯೇ ಬಳಸಿದ್ದರಿಂದ, ಹಾಡು ಯಾರದೆಂದು ತಿಳಿಯುವ ಮೊದಲೇ ಕಾಲ ಯಾವುದೆಂದು ಕೇಳುಗರಿಗೆ ತಿಳಿದುಬಿಡುತ್ತದೆ. ಡ್ರಮ್ಮಿನ ಕಥೆ ಇನ್ನೂ ಸ್ವಾರಸ್ಯಕರ. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಪೀಟರ್ ಗೇಬ್ರಿಯಲ್ ಅವರ ಮೂರನೆಯ ಆಲ್ಬಂನ ಧ್ವನಿಮುದ್ರಣ ನಡೆಯುತ್ತಿದ್ದಾಗ, ವಾದಕರ ಮಾತು ನಿಯಂತ್ರಣ ಕೊಠಡಿಗೆ ಕೇಳಲೆಂದು ತೂಗುಹಾಕಿದ್ದ ಮೈಕ್ ಫಿಲ್ ಕಾಲಿನ್ಸ್ ಅವರ ಡ್ರಮ್ಮಿನ ಸದ್ದನ್ನು ವಿಪರೀತ ಹಿಗ್ಗಿಸಿ ಹಿಡಿಯಿತು. ಇಂಜಿನಿಯರ್ ಹ್ಯೂ ಪ್ಯಾಡ್‌ಹ್ಯಾಮ್ ಅದನ್ನೇ ತಂತ್ರವನ್ನಾಗಿ ಬೆಳೆಸಿದರು. ಸಹಜವಾಗಿ ಡ್ರಮ್ಮಿನ ಅನುರಣನ ನಿಧಾನವಾಗಿ ಕರಗುತ್ತದೆ. ಇಲ್ಲಿ ಅದು ತುಂಬಿ ಮೊಳಗಿ, ಕತ್ತರಿಸಿದಂತೆ ಥಟ್ಟನೆ ನಿಲ್ಲುತ್ತದೆ. 'ಗೇಟೆಡ್ ರಿವರ್ಬ್' ಎಂಬ ಈ ಪರಿಣಾಮ 1981ರಲ್ಲಿ ಕಾಲಿನ್ಸ್ ಅವರ 'ಇನ್ ದಿ ಏರ್ ಟುನೈಟ್' ಮೂಲಕ ಮನೆಮಾತಾಗಿ, ಮುಂದೆ ದಶಕದ ಗುರುತೇ ಆಯಿತು.

ಎರಡನೆಯದು, ಬಹುಶಃ ಹೆಚ್ಚು ಬಲವಾದದ್ದು, ಚಿತ್ರ. ಹಾಡೊಂದರ ಪ್ರಚಾರಕ್ಕಾಗಿಯೇ ತಯಾರಿಸುವ ಕಿರುಚಿತ್ರವೇ ಮ್ಯೂಸಿಕ್ ವಿಡಿಯೋ. ಇವುಗಳನ್ನೇ ದಿನವಿಡೀ ತೋರಿಸುವ ಎಂಟಿವಿ ವಾಹಿನಿ ಅಮೆರಿಕದಲ್ಲಿ 1981ರ ಆಗಸ್ಟ್ 1ರಂದು ಆರಂಭವಾದ ಮೇಲೆ ಹಾಡಿನಷ್ಟೇ ಶ್ರಮ ಅದರ ರೂಪಕ್ಕೂ ಸಲ್ಲತೊಡಗಿತು. ನಾರ್ವೆಯ 'ಆ-ಹಾ' ತಂಡದ 'ಟೇಕ್ ಆನ್ ಮಿ' 1984ರಲ್ಲಿ ಮೊದಲು ಹೊರಬಂದಾಗ ಸೋತಿತ್ತು. ಮರುಮುದ್ರಣಗೊಂಡ ಹಾಡಿಗೆ 1985ರಲ್ಲಿ ಸ್ಟೀವ್ ಬ್ಯಾರನ್ ಹೊಸ ವಿಡಿಯೋ ನಿರ್ದೇಶಿಸಿದರು: ಉಪಾಹಾರಗೃಹದಲ್ಲಿ ಚಿತ್ರಕಥೆಯ ಪುಸ್ತಕ ಓದುತ್ತಿರುವ ಯುವತಿಯತ್ತ ಪುಟದೊಳಗಿಂದ ಪೆನ್ಸಿಲ್ಲಿನಲ್ಲಿ ಬರೆದ ಕೈಯೊಂದು ಚಾಚುತ್ತದೆ, ಅದನ್ನು ಹಿಡಿದು ಆಕೆ ರೇಖೆಗಳ ಲೋಕದೊಳಕ್ಕೆ ಹೋಗುತ್ತಾಳೆ. ನಟರನ್ನು ಮೊದಲು ಚಿತ್ರೀಕರಿಸಿ, ಆ ಚಿತ್ರಿಕೆಗಳ ಮೇಲೆ ಒಂದೊಂದಾಗಿ ಕೈಯಿಂದ ಗೆರೆ ಎಳೆಯುವ ರೋಟೋಸ್ಕೋಪಿಂಗ್ ಎಂಬ ವಿಧಾನದಲ್ಲಿ ಸುಮಾರು 3,000 ಚಿತ್ರಿಕೆಗಳನ್ನು ಬಿಡಿಸಲು ಹದಿನಾರು ವಾರಗಳು ಹಿಡಿದವು. ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. 2020ರ ಫೆಬ್ರುವರಿಯಲ್ಲಿ ಯೂಟ್ಯೂಬಿನಲ್ಲಿ ಈ ವಿಡಿಯೋದ ವೀಕ್ಷಣೆ ನೂರು ಕೋಟಿ ದಾಟಿತು. ಹಿಂದಿನ ದಶಕಗಳ ಹಾಡುಗಳು ಬಹುಪಾಲು ಕಿವಿಗಷ್ಟೇ ಉಳಿದಿದ್ದರೆ, ಈ ದಶಕದ ಹಾಡುಗಳು ಕೇಶವಿನ್ಯಾಸ, ಉಡುಗೆ, ದೀಪದ ಬಣ್ಣಗಳ ಸಮೇತ ಉಳಿದಿರುವುದರಿಂದ, ಕಾಣದವರಿಗೂ ಅದು ಕಂಡಂತಿರುತ್ತದೆ.

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಇಲ್ಲಿ ಹುಟ್ಟಿ ಬೆಳೆದು ಲಂಡನ್ನಿಗೆ ಹೋದ ಬಿದ್ದು ಅಪ್ಪಯ್ಯ, 1980ರ 'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ' ಹಾಡಿಗೆ ಸಂಗೀತ ನೀಡಿ, ಅದನ್ನು ಹಾಡಿದ ಪಾಕಿಸ್ತಾನದ ಕಿಶೋರಿ ನಾಜಿಯಾ ಹಸನ್ ಅವರೊಂದಿಗೆ 1981ರಲ್ಲಿ 'ಡಿಸ್ಕೋ ದೀವಾನೆ' ಆಲ್ಬಂ ತಂದರು. ಕನ್ನಡದಲ್ಲಿ 1987ರ 'ಪ್ರೇಮಲೋಕ'ಕ್ಕೆ ಹಂಸಲೇಖ ನೀಡಿದ ಸಂಗೀತದಲ್ಲೂ ಅದೇ ಕಾಲದ ವಿದ್ಯುನ್ಮಾನ ನಾದವಿದೆ.

ಆದರೆ ಇಂದಿನ ಯುವಜನ ಪ್ರೀತಿಸುವ ಎಂಬತ್ತರ ದಶಕ ಜರಡಿ ಹಿಡಿದ ದಶಕ. ಆಗಿನ ನೀರಸ ಹಾಡುಗಳು ಕಸದ ಬುಟ್ಟಿಗೆ ಹೋಗಿವೆ, ಅಸಹ್ಯಗಳು ಮರೆತುಹೋಗಿವೆ. ಕಪ್ಪು ಕಲಾವಿದರ ವಿಡಿಯೋಗಳನ್ನು ಅಷ್ಟು ವಿರಳವಾಗಿ ತೋರಿಸುವುದೇಕೆಂದು 1983ರಲ್ಲಿ ಗಾಯಕ ಡೇವಿಡ್ ಬೋವಿ ಎಂಟಿವಿಯದೇ ಸಂದರ್ಶನದಲ್ಲಿ ನಿರೂಪಕರನ್ನು ಕೇಳಿದ್ದರು. ಮೈಕಲ್ ಜಾಕ್ಸನ್ ಅವರ 'ಬಿಲಿ ಜೀನ್' ಆ ಬಾಗಿಲನ್ನು ತಳ್ಳಿದ್ದೂ ಅದೇ ವರ್ಷ. ಇದನ್ನು ಅರಿತು ಕೇಳಿದರೆ ಹಾಡಿನ ಸೊಗಸು ಕುಗ್ಗುವುದಿಲ್ಲ.

ವಿದೇಶಿ ವಿಡಿಯೋಗಳಿಗೆ ಕಂಪನಿಗಳು ಹೊಸ ಹೊಳಪು ಕೊಟ್ಟು ಉಳಿಸಿಕೊಂಡಿವೆ. ನಮ್ಮಲ್ಲಿ ಆ ಕಾಲದ ಎಷ್ಟೋ ಧ್ವನಿಮುದ್ರಣಗಳು ಇರುವುದು ಕ್ಯಾಸೆಟ್ಟುಗಳಲ್ಲೇ, ಮತ್ತು ಅವುಗಳ ಟೇಪಿನ ಮೇಲಿನ ಕಾಂತೀಯ ಲೇಪ ಕಾಲಕ್ರಮೇಣ ಹಾಳಾಗುತ್ತದೆ. ಮನೆಯ ಅಟ್ಟದಲ್ಲಿ ಅಂಥವಿದ್ದರೆ ಬೂಷ್ಟು ಹಿಡಿಯುವ ಮೊದಲೇ ಡಿಜಿಟಲ್ ರೂಪಕ್ಕೆ ಇಳಿಸಿ, ಮಕ್ಕಳಿಗೆ ಕೇಳಿಸಬೇಕು.