ಪಾಚಿ ತಿನ್ನುವ ಮೀನು: ಮಾರುವ ಮುನ್ನ ಅರಿಯಬೇಕಾದ ಸಂಗತಿಗಳು

ಅಲಂಕಾರಿಕ ಮೀನುಗಳ ಗಾಜಿನ ತೊಟ್ಟಿಯನ್ನು ಮನೆಗೆ ತಂದವರು ಮೊದಲ ಕೆಲವು ವಾರಗಳಲ್ಲಿಯೇ ಎದುರಿಸುವ ತೊಡಕೆಂದರೆ ಪಾಚಿ. ಗಾಜಿಗೆ ಹಸಿರು ಲೇಪ ಹತ್ತುತ್ತದೆ. ಕಲ್ಲುಗಳು ಕಂದುಬಣ್ಣಕ್ಕೆ ತಿರುಗುತ್ತವೆ. ಗ್ರಾಹಕನು ಅಂಗಡಿಗೆ ಮರಳಿ, ಪಾಚಿ ತಿನ್ನುವ ಮೀನನ್ನು ಕೇಳುತ್ತಾನೆ. ಆಗ ವ್ಯಾಪಾರಿಯು ಯಾವ ಮೀನನ್ನು ಕೊಡುತ್ತಾನೆ ಎಂಬುದರ ಮೇಲೆ ಗ್ರಾಹಕನ ಹವ್ಯಾಸವೂ ಅಂಗಡಿಯ ಮುಂದಿನ ವ್ಯಾಪಾರವೂ ನಿಂತಿರುತ್ತವೆ. ಮೀನು ಸತ್ತರೆ ಅಥವಾ ತೊಟ್ಟಿ ಮೊದಲಿಗಿಂತ ಕೆಟ್ಟರೆ, ಆ ಗ್ರಾಹಕನು ಆಹಾರಕ್ಕಾಗಲಿ ಫಿಲ್ಟರ್‌ಗಾಗಲಿ ಮತ್ತೆ ಬರುವುದಿಲ್ಲ.

ಮೊದಲು ನೀರಿನ ಪರೀಕ್ಷೆ

ಸೊಲ್ಲಾಪುರ–ವಿಜಯಪುರ ರೈಲು ಮಾರ್ಗದಲ್ಲಿರುವ ಲಚ್ಯಾಣವೂ ಸೇರಿದಂತೆ ಇಂಡಿ, ಸಿಂದಗಿ ಭಾಗದ ಬಹಳಷ್ಟು ಊರುಗಳಲ್ಲಿ ಕೊಳವೆಬಾವಿಯ ನೀರು ಗಡಸು. ಕೊಡ, ಬಕೆಟ್ಟುಗಳಿಗೆ ಬಿಳಿಯ ಪದರ ಕಟ್ಟುವುದೇ ಇದಕ್ಕೆ ಸಾಕ್ಷಿ. ಬೇಸಿಗೆಯಲ್ಲಿ ಜಿಲ್ಲೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕುಗ್ಗುತ್ತದೆ. ಆದುದರಿಂದ ಬೇರೆ ಊರಿನಲ್ಲಿ ಚೆನ್ನಾಗಿ ಬದುಕುವ ಮೀನು ಇಲ್ಲಿಯೂ ಬದುಕುತ್ತದೆಂದು ಭಾವಿಸಲಾಗದು. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನಷ್ಟೇ ತುಂಬಿದರೂ ಸಾಲದು. ಅದರಲ್ಲಿ ಮೀನಿಗೆ ಬೇಕಾದ ಖನಿಜಾಂಶ ತೀರ ಕಡಿಮೆ. ಎರಡನ್ನೂ ಬೆರೆಸಿ, ಅನುಪಾತವನ್ನು ಪದೇ ಪದೇ ಬದಲಿಸದೆ ಬಳಸುವುದು ಲೇಸು. ಕ್ಲೋರಿನ್ ಬೆರೆತ ನಲ್ಲಿ ನೀರಾದರೆ ತೆರೆದ ಪಾತ್ರೆಯಲ್ಲಿ ಒಂದು ದಿನ ಇರಿಸಿ ಬಳಸಬೇಕು.

ಸಕರ್ ಮೀನು ಏಕೆ ಬೇಡ?

ಪಾಚಿ ತಿನ್ನುವ ಮೀನೆಂದು ಹೆಚ್ಚಾಗಿ ಮಾರಾಟವಾಗುವುದು ಸಕರ್ ಮೀನು. ದಕ್ಷಿಣ ಅಮೆರಿಕ ಮೂಲದ ಈ ಮೀನು ಅಂಗಡಿಯಲ್ಲಿ ಬೆರಳುದ್ದವಿರುತ್ತದೆ; ಬೆಲೆಯೂ ಕಡಿಮೆ. ಆದರೆ ಬೆಳೆದಾಗ 40 ಸೆಂಟಿಮೀಟರ್ ಮೀರುತ್ತದೆ. ಮನೆಯ ಎರಡು ಅಡಿ ತೊಟ್ಟಿ ಅದಕ್ಕೆ ಸೆರೆಮನೆಯಾಗುತ್ತದೆ. ಮರಿಯಾಗಿದ್ದಾಗ ಪಾಚಿಯನ್ನು ತಿಂದರೂ, ಬೆಳೆದಂತೆ ಅದು ಹೊರಹಾಕುವ ಮಲವೇ ಹೊಸ ಪಾಚಿಗೆ ಗೊಬ್ಬರವಾಗುತ್ತದೆ. ನಿಧಾನವಾಗಿ ಈಜುವ ಗೋಲ್ಡ್‌ಫಿಶ್‌ಗಳ ಮೈಗೆ ಅಂಟಿಕೊಂಡು ಗಾಯಗೊಳಿಸುವುದೂ ಉಂಟು.

ಚೈನೀಸ್ ಆಲ್ಗೀ ಈಟರ್ ಎಂಬ ಮೀನಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ಚಿಕ್ಕದಿದ್ದಾಗ ಚುರುಕಾಗಿ ಪಾಚಿ ಕೆರೆಯುವ ಇದು 25 ಸೆಂಟಿಮೀಟರ್‌ವರೆಗೆ ಬೆಳೆದು, ಇತರ ಮೀನುಗಳ ಮೈಮೇಲಿನ ಲೋಳೆಯನ್ನು ಹೀರಲಾರಂಭಿಸುತ್ತದೆ.

ಯೋಗ್ಯವಾದ ಮೀನುಗಳು

ಗಡಸು ನೀರಿಗೆ ಒಗ್ಗುವುದು ಮಾಲಿ ಮೀನು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಮೂಲದ ಇದು ಗಾಜು, ಗಿಡಗಳ ಮೇಲಿನ ಎಳೆಪಾಚಿಯನ್ನು ದಿನವಿಡೀ ಕುಕ್ಕುತ್ತದೆ, ಸೆಖೆಯನ್ನೂ ತಾಳುತ್ತದೆ. ಮರಿ ಹಾಕುವ ಮೀನಾದ್ದರಿಂದ ಸಂಖ್ಯೆ ಬೇಗ ಹೆಚ್ಚುತ್ತದೆಂಬುದನ್ನು ಗ್ರಾಹಕನಿಗೆ ಮೊದಲೇ ತಿಳಿಸಬೇಕು.

ಸಕರ್ ಜಾತಿಯ ರೂಪವೇ ಬೇಕೆನ್ನುವವರಿಗೆ ಬ್ರಿಸಲ್‌ನೋಸ್ ಸೂಕ್ತ. ಇದು 12ರಿಂದ 15 ಸೆಂಟಿಮೀಟರ್‌ಗೆ ನಿಲ್ಲುತ್ತದೆ. ಸುಮಾರು 100 ಲೀಟರ್ ತೊಟ್ಟಿ, ಅಡಗಲು ಮಣ್ಣಿನ ಕೊಳವೆ, ಕೆರೆಯಲು ಮರದ ತುಂಡು ಇದ್ದರೆ ಸಾಕು. ಬೇಸಿಗೆಯಲ್ಲಿ ಗಾಳಿಯಂತ್ರ ನಿಲ್ಲಬಾರದು.

ಕಪ್ಪು ಕೂದಲಿನಂತಹ ಪಾಚಿಯನ್ನು ತಿನ್ನುವ ಕೆಲವೇ ಮೀನುಗಳಲ್ಲಿ ಸಯಾಮೀಸ್ ಆಲ್ಗೀ ಈಟರ್ ಒಂದು. ಮೈಮೇಲಿನ ಕಪ್ಪು ಪಟ್ಟೆಯು ಬಾಲದ ರೆಕ್ಕೆಯ ತುದಿಯವರೆಗೂ ಹರಿದಿರುವುದು ಇದರ ಗುರುತು. ಇದು 15 ಸೆಂಟಿಮೀಟರ್‌ವರೆಗೆ ಬೆಳೆಯುವುದರಿಂದ ಮೂರು ಅಡಿಗಿಂತ ಚಿಕ್ಕ ತೊಟ್ಟಿಗೆ ಕೊಡಬಾರದು.

ಕಂದು ಪಾಚಿಯನ್ನು ನುಣ್ಣಗೆ ತೆಗೆಯುವ ಓಟೊಸಿಂಕ್ಲಸ್ ಕೇವಲ 4–5 ಸೆಂಟಿಮೀಟರ್‌ನ ಮೀನು. ಆದರೆ ಅದಕ್ಕೆ ಮೃದು ನೀರು, ಆರರ ಗುಂಪು, ಹಲವು ತಿಂಗಳು ಹಳೆಯದಾದ ತೊಟ್ಟಿ ಬೇಕು. ಹೊಸ ತೊಟ್ಟಿಗೂ ನಮ್ಮ ಸೀಮೆಯ ಗಡಸು ನೀರಿಗೂ ಅದು ತಕ್ಕುದಲ್ಲ.

ಯಾವ ಮೀನೂ ಪಾಚಿಯ ಮೂಲವನ್ನು ನಿವಾರಿಸದು. ನೀರೇ ಹಸಿರಾಗಿದ್ದರೆ ಈ ಮೀನುಗಳಿಂದ ಪ್ರಯೋಜನವಿಲ್ಲ. ದೀಪವನ್ನು ದಿನಕ್ಕೆ ಎಂಟು ಗಂಟೆಗೆ ಮಿತಗೊಳಿಸುವುದು, ನೇರ ಬಿಸಿಲು ತಪ್ಪಿಸುವುದು, ಆಹಾರ ಕಡಿಮೆ ಮಾಡುವುದು, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದು – ಇವೇ ನಿಜವಾದ ಪರಿಹಾರ. ಪಾಚಿ ಮುಗಿದ ಬಳಿಕ ಈ ಮೀನುಗಳು ಹಸಿವಿನಿಂದ ಸಾಯದಂತೆ ಬೇಯಿಸಿದ ಸೌತೆಕಾಯಿ, ಪಾಲಕ್ ಎಲೆಗಳನ್ನು ಕೊಡಬೇಕು.

ಭೀಮೆಯ ಹಿತ

ದೊಡ್ಡದಾದ ಸಕರ್ ಮೀನನ್ನು ಕೊಲ್ಲಲು ಮನಸ್ಸಾಗದೆ ಕೆರೆಗೋ ಹೊಳೆಗೋ ಬಿಡುವವರಿದ್ದಾರೆ. ಇದು ಪುಣ್ಯದ ಕೆಲಸವಲ್ಲ. ದೇಶದ ಅನೇಕ ಜಲಾಶಯಗಳಲ್ಲಿ ಈ ಮೀನು ನೆಲೆಯೂರಿದೆ. ಇದರ ಗಟ್ಟಿ ಕವಚ, ಚೂಪಾದ ಮುಳ್ಳುಗಳು ಮೀನುಗಾರರ ಬಲೆಗಳನ್ನು ಹರಿಯುತ್ತವೆ, ದಡದಲ್ಲಿ ಬಿಲ ತೋಡುತ್ತದೆ, ಮಾರುಕಟ್ಟೆಯಲ್ಲಿ ಕೊಳ್ಳುವವರಿಲ್ಲ. ಭೀಮೆಯಲ್ಲಿ ಬಲೆ ಬೀಸಿ ಬದುಕುವವರ ಅನ್ನಕ್ಕೆ ಇದರಿಂದ ಕುತ್ತು. ಬೆಳೆದ ಮೀನನ್ನು ಮರಳಿ ಪಡೆಯುವ ಪದ್ಧತಿಯನ್ನು ಅಂಗಡಿಗಳು ಇರಿಸಿಕೊಂಡರೆ ನದಿಗೂ ಹಿತ, ಗ್ರಾಹಕನೂ ಮತ್ತೆ ಬರುತ್ತಾನೆ.

ಸಣ್ಣ ಉದ್ಯಮಕ್ಕೆ ಅವಕಾಶ

ಅಲಂಕಾರಿಕ ಮೀನಿನ ವಹಿವಾಟಿಗೆ ಚೆನ್ನೈನ ಕೊಳತ್ತೂರು ಹೆಸರಾಗಿದೆ. ದೂರದಿಂದ ಬರುವ ಮೀನು ಪ್ರಯಾಣದಲ್ಲಿ ದಣಿದು, ಇಲ್ಲಿಯ ನೀರಿಗೆ ಒಗ್ಗುವ ಮುನ್ನವೇ ಸಾಯುವುದುಂಟು. ಮಾಲಿ ಮತ್ತು ಬ್ರಿಸಲ್‌ನೋಸ್‌ಗಳನ್ನು ಸ್ಥಳೀಯ ನೀರಿನಲ್ಲಿಯೇ ಮರಿ ಮಾಡಿಸಿ ಬೆಳೆಸುವುದು ಸಾಧ್ಯ. ಬ್ರಿಸಲ್‌ನೋಸ್ ಗಂಡುಮೀನು ಗುಹೆಯಲ್ಲಿ ಮೊಟ್ಟೆಗಳನ್ನು ಕಾಯುತ್ತದೆ. ಅದಕ್ಕೆ ಬೇಕಾದ ಮಣ್ಣಿನ ಕೊಳವೆಯನ್ನು ಊರಿನ ಕುಂಬಾರರೇ ಮಾಡಿಕೊಡಬಲ್ಲರು. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯು ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ನಿಗದಿಪಡಿಸಿ, ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರು ಹಾಗೂ ಪರಿಶಿಷ್ಟರಿಗೆ ಶೇ. 60 ಸಹಾಯಧನವನ್ನು ಗೊತ್ತುಪಡಿಸಿತ್ತು. ಆಸಕ್ತರು ಬಂಡವಾಳ ಹೂಡುವ ಮುನ್ನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಸದ್ಯದ ನಿಯಮಗಳನ್ನು ವಿಚಾರಿಸುವುದು ಅವಶ್ಯ.

ತೊಟ್ಟಿಯ ಅಳತೆ ಎಷ್ಟು, ನೀರು ಯಾವುದು, ಜೊತೆಯಲ್ಲಿ ಯಾವ ಮೀನುಗಳಿವೆ – ಈ ಮೂರು ಪ್ರಶ್ನೆಗಳನ್ನು ಕೇಳದೆ ಪಾಚಿ ತಿನ್ನುವ ಮೀನನ್ನು ಮಾರಬಾರದು. ಕೇಳಿ ಮಾರುವ ಅಂಗಡಿಗೆ ಒಂದು ಮೀನಿನ ಲಾಭಕ್ಕಿಂತ ದೊಡ್ಡದಾದ ಗ್ರಾಹಕನ ವಿಶ್ವಾಸ ಉಳಿಯುತ್ತದೆ.