ಕರುಳಿನ ಕ್ಯಾನ್ಸರ್: ಮೂಲವ್ಯಾಧಿಯೆಂದು ಕಳೆದುಹೋಗುವ ತಿಂಗಳುಗಳು

1992ರ ಜುಲೈ 12, ಭಾನುವಾರ. ತಾವು ಪರೀಕ್ಷೆಗಾಗಿ ಆಸ್ಪತ್ರೆ ಸೇರುತ್ತಿರುವುದಾಗಿ ಜಗದ್ಗುರು ಎರಡನೆಯ ಜಾನ್ ಪಾಲರು ನೆರೆದ ಭಕ್ತರಿಗೆ ಸ್ವತಃ ತಿಳಿಸಿದರು. ಮೂರು ದಿನಗಳ ಬಳಿಕ ರೋಮಿನ ಜೆಮೆಲ್ಲಿ ಆಸ್ಪತ್ರೆಯಲ್ಲಿ ಅವರ ದೊಡ್ಡ ಕರುಳಿನಿಂದ ಕಿತ್ತಳೆ ಹಣ್ಣಿನ ಗಾತ್ರದ ಗಡ್ಡೆಯನ್ನು ತೆಗೆಯಲಾಯಿತು. ಅದಿನ್ನೂ ಕ್ಯಾನ್ಸರಾಗಿರಲಿಲ್ಲ, ಆದರೆ ಅದರ ಜೀವಕೋಶಗಳಲ್ಲಿ ಮಾರ್ಪಾಡು ಆರಂಭವಾಗಿತ್ತು. ಆಮೇಲೆ ಅವರು 2005ರ ಏಪ್ರಿಲ್‌ವರೆಗೆ, ಸುಮಾರು ಹದಿಮೂರು ವರ್ಷ ಬಾಳಿದರು.

ನಮ್ಮ ದಾಂಡೇಲಿ, ಹಳಿಯಾಳ, ಮುಂಡಗೋಡಗಳ ಮನೆಗಳಲ್ಲಿ, ಜೋಯಿಡಾದ ಕಾಡಿನ ನಡುವಣ ಹಳ್ಳಿಗಳಲ್ಲಿ ಇಂಥ ಕಾಯಿಲೆಯ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಮಲದಲ್ಲಿ ರಕ್ತ ಕಂಡರೆ 'ಮೂಲವ್ಯಾಧಿ, ಉಷ್ಣ' ಎಂದು ನಾವೇ ನಿರ್ಣಯಿಸಿಬಿಡುತ್ತೇವೆ. ಹಲವು ಬಾರಿ ಅದು ಮೂಲವ್ಯಾಧಿಯೇ ಆಗಿರುತ್ತದೆ ಎಂಬುದೂ ನಿಜ. ಆದರೆ ರಕ್ತದೊಡನೆ ಮಲವಿಸರ್ಜನೆಯ ಕ್ರಮವೂ ವಾರಗಟ್ಟಲೆ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ರಕ್ತಹೀನತೆಯಿಂದ ಸುಸ್ತಾಗುತ್ತಿದ್ದರೆ ವೈದ್ಯರು ಗುದದ್ವಾರವನ್ನು ಬೆರಳಿನಿಂದ ಪರೀಕ್ಷಿಸಲೇಬೇಕು. ಎರಡು ನಿಮಿಷದ ಆ ಪರೀಕ್ಷೆಯನ್ನು ನಾಚಿಕೆಯಿಂದ ತಪ್ಪಿಸಿಕೊಂಡವರು ಎಷ್ಟೋ ಮಂದಿ.

ಈ ರೋಗ ವಾಸಿಯಾಗಬಲ್ಲದು. ಅಮೆರಿಕದ ಲೆಕ್ಕದಂತೆ, ಗಡ್ಡೆ ಕರುಳಿನೊಳಗೇ ಇರುವಾಗ ಪತ್ತೆಯಾದರೆ ನೂರರಲ್ಲಿ ಸುಮಾರು 90 ಮಂದಿ ಐದು ವರ್ಷ ದಾಟುತ್ತಾರೆ. ಸಮೀಪದ ದುಗ್ಧಗ್ರಂಥಿಗಳಿಗೆ ಹರಡಿದ್ದರೂ 70ಕ್ಕಿಂತ ಹೆಚ್ಚು. ಯಕೃತ್ತು, ಶ್ವಾಸಕೋಶಗಳನ್ನು ಮುಟ್ಟಿದ ಮೇಲೆ ಮಾತ್ರ ಸಂಖ್ಯೆ 15ರ ಆಸುಪಾಸಿಗೆ ಕುಸಿಯುತ್ತದೆ. ಭಾರತದಲ್ಲಿ ಎಲ್ಲ ಹಂತಗಳ ರೋಗಿಗಳನ್ನು ಸೇರಿಸಿ ನೋಡಿದಾಗ ಐದು ವರ್ಷ ಬದುಕಿದವರು ನೂರಕ್ಕೆ 40ರೊಳಗೇ ಎಂದು 2018ರಲ್ಲಿ ಪ್ರಕಟವಾದ ಕಾನ್‌ಕಾರ್ಡ್ ಅಧ್ಯಯನ ತೋರಿಸಿತು. ತಡವಾಗಿ ಬರುವುದು, ಚಿಕಿತ್ಸೆಯನ್ನು ನಡುವೆ ಬಿಡುವುದು ಈ ಅಂತರಕ್ಕೆ ದೊಡ್ಡ ಕಾರಣಗಳು.

ಚಿಕಿತ್ಸೆಯ ಮೂಲ ಶಸ್ತ್ರಕ್ರಿಯೆಯೇ. ಗಡ್ಡೆಯೊಡನೆ ಕನಿಷ್ಠ 12 ದುಗ್ಧಗ್ರಂಥಿಗಳನ್ನಾದರೂ ಪರೀಕ್ಷಿಸಿದರೆ ರೋಗದ ಹಂತ ಸರಿಯಾಗಿ ತಿಳಿಯುತ್ತದೆ. ಗುದನಾಳದ ಕ್ಯಾನ್ಸರಿನಲ್ಲಿ ಸುತ್ತಲಿನ ಕೊಬ್ಬಿನ ಹೊದಿಕೆಯನ್ನು ಇಡಿಯಾಗಿ ಬಿಡಿಸಿ ತೆಗೆಯುವ ಕ್ರಮವನ್ನು ಇಂಗ್ಲೆಂಡಿನ ಶಸ್ತ್ರವೈದ್ಯ ಬಿಲ್ ಹೀಲ್ಡ್ 1982ರಲ್ಲಿ ವಿವರಿಸಿದರು; ಅದರಿಂದ ರೋಗ ಅದೇ ಜಾಗದಲ್ಲಿ ಮರುಕಳಿಸುವುದು ಬಹಳ ಕಡಿಮೆಯಾಯಿತು. ಗುದನಾಳದ ಗಡ್ಡೆ ಮುಂದುವರಿದಿದ್ದರೆ ಶಸ್ತ್ರಕ್ರಿಯೆಗೆ ಮೊದಲೇ ವಿಕಿರಣ ಕೊಡುತ್ತಾರೆ. ಗ್ರಂಥಿಗಳಿಗೆ ಹರಡಿದ ಕರುಳಿನ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯ ನಂತರ ಮೂರರಿಂದ ಆರು ತಿಂಗಳ ಕೀಮೋಥೆರಪಿ ಬೇಕು. ಅದನ್ನು ಎಂಟು ವಾರಗಳೊಳಗೆ ಆರಂಭಿಸುವುದು ಒಳ್ಳೆಯದು. ಕೆಲವರಿಗೆ ಹೊಟ್ಟೆಯ ಮೇಲೆ ಮಲದ ಚೀಲ ಬೇಕಾಗುತ್ತದೆ. ಎಷ್ಟೋ ಜನರಿಗೆ ಅದು ಕೆಲವು ತಿಂಗಳ ಮಟ್ಟಿಗೆ ಮಾತ್ರ. ಚೀಲಕ್ಕೆ ಅಂಜಿ ಶಸ್ತ್ರಕ್ರಿಯೆಯನ್ನೇ ನಿರಾಕರಿಸುವುದು ನಮಗೆ ಅತ್ಯಂತ ದುಃಖದ ಸಂಗತಿಯಾಗಿ ತೋರುತ್ತದೆ.

ನಮ್ಮ ಭಾಗದವರಿಗೆ ಹತ್ತಿರದ ಕ್ಯಾನ್ಸರ್ ಆಸ್ಪತ್ರೆ ಹುಬ್ಬಳ್ಳಿಯ ನವನಗರದಲ್ಲಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಶಿಫಾರಸು ಪತ್ರ ಪಡೆದುಕೊಳ್ಳಬೇಕು. ಆದರೆ ಜೋಯಿಡಾದ ಕೂಲಿಕಾರನಿಗೆ ಔಷಧದ ಹಣಕ್ಕಿಂತ ಬಸ್ಸಿನ ಹಣ, ಜೊತೆಗೆ ಬರುವವರ ಕಳೆದುಹೋದ ದಿನಗೂಲಿ ಭಾರವಾಗುತ್ತದೆ. ಎರಡು ಸುತ್ತು ಔಷಧವಾದೊಡನೆ ಹಸಿವು ಮರಳಿ ಮುಖಕ್ಕೆ ಕಳೆ ಬಂದರೆ 'ಇನ್ನೇಕೆ?' ಎಂದು ನಿಲ್ಲಿಸುವವರುಂಟು. ನೆರೆಮನೆಯ ಕುಟುಂಬಗಳು ಸರದಿಯಂತೆ ಒಬ್ಬೊಬ್ಬರನ್ನು ಜೊತೆಗೆ ಕಳುಹಿಸಿದರೆ ಈ ಭಾರ ಬಹಳ ಇಳಿಯುತ್ತದೆ.

ಮರುಕಳಿಸುವ ರೋಗ ಹೆಚ್ಚಾಗಿ ಮೊದಲ ಮೂರು ವರ್ಷಗಳಲ್ಲೇ ಕಾಣುವುದರಿಂದ, ಆ ಅವಧಿಯಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆಯೂ ಸಿ.ಇ.ಎ. ಎಂಬ ರಕ್ತಪರೀಕ್ಷೆಯೂ, ಮೊದಲ ವರ್ಷ ತುಂಬಿದಾಗ ಕೊಲೊನೋಸ್ಕೋಪಿಯೂ ಆಗಬೇಕು. ರೋಗಿಯ ಒಡಹುಟ್ಟಿದವರೂ ಮಕ್ಕಳೂ ತಮಗೆ ಯಾವ ವಯಸ್ಸಿನಿಂದ ತಪಾಸಣೆ ಬೇಕೆಂದು ಅದೇ ವೈದ್ಯರನ್ನು ಕೇಳಿಕೊಳ್ಳಲಿ. ಹೋಗುವಾಗ ಹಳೆಯ ವರದಿಗಳನ್ನೆಲ್ಲ, ವಿಶೇಷವಾಗಿ ಗಡ್ಡೆಯ ಪರೀಕ್ಷೆಯ ಮೊದಲ ಕಾಗದವನ್ನು ಮರೆಯದೆ ಕೊಂಡೊಯ್ಯಿರಿ.